ನಾನು ಸಸ್ಪೆಂಡ್ ಆದ ಕತಿ

ಕೆಲವರಿಗೆ ಹಾದ್ಯಾಗ ನಾಯಿ ಬೆನ್ನು ಹತ್ತತಾವ. ನನಗ ಫಜೀತಿ ಬೆನ್ನು ಹತ್ತತಾವ. ಮನ್ಯಾಗ ಸುಮ್ಮನ ಕುಂತ್ರೂ ಬಾಗಲಾ ಬಡದು ಒಳಗ ಬರ್ತಾವ. ಇನ್ನ ಸೈಕಲ್ ಹತ್ತಿ ಹೊಂಟ್ರಂತೂ ಕೇಳೂದ ಬ್ಯಾಡ.

ನಾನು ಲಿಂಗಸುಗೂರಿನ ಒಂದು ಸರ್ಕಾರಿ ಆಫೀಸಿನ್ಯಾಗ ಕಾರಕೂನ. ಮನಿ ಮಸ್ಕ್ಯಾಗ. ದಿನಾ ಬಸ್ಸಿನ್ಯಾಗ ಹೋಗಿ ಬಂದು, ಕುರ್ಚಿ ಮ್ಯಾಲ ಕುಂತು ಕುಂತು ಸಕ್ಕರಿ ಜಡ್ಡು ತಂದ್ಕೊಂಡೆ. ಡಾಕ್ಟರು "ಮೈ ಬೆವರಿಸ್ರಿ" ಅಂದ್ರು. ಮೂರು ವರ್ಷದ ಹಿಂದ ಒಂದು ಮೌಂಟೇನ್ ಬೈಕ್ ಕೊಂಡೆ. ಹೆಸರು ಅಷ್ಟ ದೊಡ್ಡದು, ದಪ್ಪ ಗಾಲಿ ಸೈಕಲ್ಲು ಅಷ್ಟ. ಅದರ ಮುಂದಿನ ಗಾಲಿ ಹಿಡಕೊಂಡಿರೋ ಎರಡು ಕಾಲಿಗೆ ನಾವು ಚಿಮಟಾ ಅಂತೀವಿ, ಓದಿದವರು ಫೋರ್ಕ್ ಅಂತಾರ. ಅದರೊಳಗ ಸ್ಪ್ರಿಂಗ್ ಇರ್ತಾವ. ತೆಗ್ಗು ಬಂದ್ರ ಕುಗ್ಗತೈತಿ, ಮತ್ತ ಎದ್ದು ನಿಂದರತೈತಿ. ಈ ಕುಣಿತಕ್ಕ ಸಸ್ಪೆನ್ಷನ್ ಅಂತ ಹೆಸರು. ಈ ಶಬ್ದ ಒಂದು ನೆನಪಿಟ್ಕೋರಿ. ನನ್ನ ಮಾನ ಕಳದಿದ್ದು ಇದ.

ಫುಕಟ್ ಸೇವಾ

ಸೈಕಲ್ ತಂದ ಹದಿನೈದು ದಿನಕ್ಕ ಪಂಚರ್ ಆತು. ಮಸ್ಕಿ ಬಸ್ ಸ್ಟ್ಯಾಂಡ್ ಹತ್ರ ಒಬ್ಬ ಚಾಚಾ ಅದಾನ. ಹುಟ್ಟಿದಾಗಿಂದ ಕರೀ ಸೈಕಲ್ ರಿಪೇರಿ ಮಾಡಿದಾಂವ, ಕೈ ಭಾಳ ಪಳಗಿದ್ದು. ಅವನ ಹಂತ್ಯಾಕ ಬಿಟ್ಟು ಬಜಾರಕ್ಕ ಹೋದೆ. ತಿರಗಿ ಬರೂದ್ರಾಗ ಪಂಚರ್ ತಯಾರ್ ಇತ್ತು.

"ಪಂಚರ್ ಅಷ್ಟ ಅಲ್ಲ ಸಾಹೇಬ್ರ," ಅಂದ ಚಾಚಾ. "ಗಾಡಿ ಮುಂದ ಲಡಬಡ ಅಂತಿತ್ತು. ಅದನ್ನೂ ಗಟ್ಟಿ ಮಾಡೀನಿ. ಸೈಕಲ್ ಅಲ್ಲಾಡಬಾರದ್ರಿ. ಅಲ್ಲಾಡಾಕ ಅದೇನು ತೊಟ್ಟಿಲಾ?"

ರೊಕ್ಕ ಕೊಡಾಕ ಹೋದ್ರ, "ತೋಬಾ ತೋಬಾ, ಪಂಚರಿನ ರೊಕ್ಕ ಅಷ್ಟ ಕೊಡ್ರಿ. ಅದು ಫುಕಟ್" ಅಂದ. ಎಲ್ಲೋ ನಟ್ಟು ಸಡ್ಲ ಆಗಿರಬೇಕು ಅಂತ ನಾನೂ ಶುಕ್ರಿಯಾ ಹೇಳಿ, ಒಂದು ಚಹಾ ಕುಡಿಸಿ ಬಂದೆ. ಫುಕಟ್ ಕೆಲಸ ಮಾಡೋ ಇಂಥಾ ಮನಶ್ಯಾ ಈ ಕಾಲದಾಗ ಸಿಗಂಗಿಲ್ಲ ಅಂತ ಮೂರು ವರ್ಷ ಊರ ತುಂಬ ಹೇಳಿಕೋತ ತಿರಗಿದೆ.

ಅವ್ವನ ಚಿಮಟಾ

ಬರಬರ್ತಾ ನನ್ನ ಕೈ ಜೋಮು ಹಿಡಿಯಾಕತ್ತಿದ್ವು. ನಮ್ಮ ರಸ್ತಾ ಗೊತ್ತಲ್ಲ, ತೆಗ್ಗಿನ ನಡುವ ಅಲ್ಲಲ್ಲೆ ಡಾಂಬರ್ ಹಾಕಿದಾಂಗ ಅದಾವ. ಪ್ರತಿ ತೆಗ್ಗೂ ಸೀದಾ ಮಣಿಕಟ್ಟಿಗೇ ಬಂದು ಬಡೀತಿತ್ತು. ಒಂದು ದಿನ ಸವಾರಿ ಮುಗಿಸಿ ಬಂದು ಕಪ್ಪಿನಾಗಿನ ಚಹಾ ಬಸಿಗೆ ಹೊಯ್ಕೊಂಡು ಹಿಡದೆ ನೋಡ್ರಿ, ಕೈ ತಟತಟ ನಡಗಿ, ಹೆಂಡ್ತಿ ಹೊಲದು ಇಟ್ಟಿದ್ದ ಗಿರಾಕಿ ಬ್ಲೌಸಿನ ಮ್ಯಾಲ ಪೂರಾ ಚೆಲ್ಲಿದೆ.

ಆಕಿ ಬ್ಲೌಸು ಎತ್ತಿ ಬೆಳಕಿಗೆ ಹಿಡದು ನೋಡಿದ್ಳು. ಆಮ್ಯಾಲ ನನ್ನ ಕೈ ನೋಡಿದ್ಳು.

"ಏನಾಗೈತಿ ಆ ಸೈಕಲ್ಲಿಗೆ?" ಅಂದ್ಳು.

"ಚಿಮಟಾದಾಗಿನ ಸ್ಪ್ರಿಂಗ್ ತುಕ್ಕು ಹಿಡದು ಸತ್ತಾವ. ಕುಣಿಯಂಗಿಲ್ಲ. ಹೊಸಾದು ಹಾಕಸಬೇಕು."

ಟ್ರಂಕಿನಾಗಿಂದ ಒಂದು ಲಕೋಟಿ ತಂದು ಕೈಯಾಗಿಟ್ಳು. "ಇದು ನಾ ಹೊಲದು ಕೂಡಿಸಿದ್ದು. ಇಷ್ಟರಾಗ ಮಾಡಿಸ್ರಿ, ಮ್ಯಾಲ ಒಂದು ದುಡ್ಡು ಕೇಳಬ್ಯಾಡ್ರಿ. ಪಂಚಮಿಗೆ ನಾ ತವರಿಗೆ ಹೋಗೂದ್ರೊಳಗ ನೀವು ಸೈಕಲ್ ಹೊಡಕೊಂಡು ಬಂದು, ತುಂಬಿದ ಬಸಿ ಚಹಾ ಒಂದು ಹನಿ ಚೆಲ್ಲದ ಕುಡದು ತೋರಸಬೇಕು. ಇಲ್ಲಂದ್ರ ಸೈಕಲ್ ಗುಜರಿಯವಗ. ಬ್ಲೌಸಿನ ಆಣಿ."

ಒಳಗ ರೊಟ್ಟಿ ಬೇಯಿಸಾಕತ್ತಿದ್ದ ನಮ್ಮವ್ವಗ ಇದರಾಗ "ಚಿಮಟಾ" ಒಂದ ಕೇಳಿಸ್ತು. "ಚಿಮಟಾಕ್ಕ ಲಕೋಟಿ ತುಂಬ ರೊಕ್ಕಾ? ನಿಮಗೇನು ಹುಚ್ಚು ಹಿಡದೈತಿ?" ಅಂತ ಒಲಿ ಮುಂದಿನ ಇಕ್ಕಳಾ ಹಿಡಕೊಂಡ ಹೊರಗ ಬಂದ್ಳು. ಅದಕ್ಕೂ ನಮ್ಮ ಮನ್ಯಾಗ ಚಿಮಟಾ ಅಂತಾರ. "ತಗೋಪಾ, ಇದನ್ನ ಒಯ್ಯಿ. ನಮ್ಮವ್ವ ಕೊಟ್ಟಿದ್ದು. ಎಷ್ಟು ರೊಟ್ಟಿ ತಿರಿವೈತೋ ದೇವರಿಗೆ ಗೊತ್ತು, ಇನ್ನೂ ಹ್ಯಾಂಗೈತಿ ನೋಡು" ಅಂತ ನನ್ನ ಮಾರಿ ಮುಂದ ಟಕ್ ಟಕ್ ಅನ್ಸಿದ್ಳು.

ಖರೇ ಹೇಳ್ತೀನಿ, ನನ್ನ ಸೈಕಲ್ಲಿಂದಕ್ಕಿಂತ ಅದ ಚೊಲೋ ಕುಣೀತಿತ್ತು.

ಒಂದು ಗೇಣು

ಹೊಸಾ ಚಿಮಟಾದ ದರ ಕೇಳಿದ್ರ ಸೈಕಲ್ಲಿನಕಿಂತ ಜಾಸ್ತಿ! ಲಕೋಟಿ ಎಲ್ಲಿ ಸಾಲಬೇಕು? ಸಿಂಧನೂರಾಗ ನನಗೊಬ್ಬ ಸೈಕಲ್ ಹುಚ್ಚಿನ ಗೆಳೆಯ ಅದಾನ. ಅಂವ ಒಂದು ಸುದ್ದಿ ತಂದ. ವಳಕಮದಿನ್ನ್ಯಾಗ ಒಬ್ಬ ಭತ್ತದ ರೈತನ ಹಂತ್ಯಾಕ ಹಳೇ ಚಿಮಟಾ ಒಂದು ಮಾರಾಟಕ್ಕ ಐತಿ ಅಂತ.

ಹಳೇದು ತಗೊಳ್ಳೋವಾಗ ಒಂದು ನೋಡ್ಕೋಬೇಕು. ಚಿಮಟಾದ ಮ್ಯಾಲಿನ ಪೈಪು ಸೈಕಲ್ಲಿನ ಕುತ್ತಿಗ್ಯಾಗ ತೂರಿ ಹ್ಯಾಂಡಲ್ಲಿನ ತನಕಾ ಬರಬೇಕು. ಗಿಡ್ಡ ಆದ್ರ ಕೆಲಸಕ್ಕ ಬರಂಗಿಲ್ಲ. ನಂದಕ್ಕ ಒಂದು ಗೇಣು ಬೇಕಾಗಿತ್ತು. ರೈತಗ ಫೋನ್ ಹಚ್ಚಿ ಅಳೀರಿ ಅಂದೆ. ಸ್ವಲ್ಪ ಹೊತ್ತಿಗೆ, "ಬರೋಬ್ಬರಿ ಒಂದು ಗೇಣು ಐತ್ರಿ. ಮ್ಯಾಲ ಒಂದು ಬಟ್ಟು ಜಾಸ್ತೀನ ಐತಿ" ಅಂದ.

ಒಂದು ದಿನ ರಜಾ ಹಾಕಿ, ಎರಡು ಬಸ್ಸು ಬದಲಿ ಮಾಡಿ ಹೋದೆ. ಬಾಗಲದಾಗ ನಿಂತಿದ್ದ ಆಳು ನೋಡಿ ಖುಷಿ ಆತು. ಬಾಗಲಕ್ಕ ತಲಿ ಬಗ್ಗಿಸಬೇಕು, ಅಂಥಾ ಎತ್ತರ. ಅಂಗೈ ಅಂದ್ರ ಮೊರ. ಇವನ ಗೇಣು ನನ್ನ ಒಂದೂವರಿ ಗೇಣು ಅಂದ್ಕೊಂಡೆ. ಚಿಮಟಾ ತಂದ. ನಾ ಗೇಣು ಹಚ್ಚಿದೆ. ಪೈಪು ನನ್ನ ನಡುಬಟ್ಟಿಗೇ ಮುಗೀತು.

"ಅಲ್ರೀ, ಒಂದು ಗೇಣು ಅಂದ್ರಿ?"

"ಹೌದ್ರಿ. ನನ್ನ ಕೈಗೆ ಕೆಸರು ಇತ್ತು," ಅಂದು, ಒಳಗ ತಿರಗಿ ಒಂದು ಕೂಗು ಹಾಕಿದ. "ಅಳದಾಕಿ ನಮ್ಮವ್ವ."

ಒಳಗಿಂದ ಒಂದು ಹಿಡಿಯಷ್ಟು ಮುದುಕಿ ಬಂದು, ಚಿಕ್ಕ ಕೂಸಿನಂಥಾ ಕೈ ಅಗಲಿಸಿ ಪೈಪಿನ ಮ್ಯಾಲ ಇಟ್ಳು. ಬರೋಬ್ಬರಿ ಒಂದು ಗೇಣು, ಮ್ಯಾಲ ಒಂದು ಬಟ್ಟು. ಏನಂತೀರಿ?

ಪಾಪ, ರೈತಗ ಕೆಟ್ಟ ಅನಸ್ತು. ದೂರದಿಂದ ಬಂದೀರಿ ಅಂತ ಹೊಸ ಅಕ್ಕಿ ಅರ್ಧ ಚೀಲ ಹೊರಿಸಿ ಕಳಿಸಿದ. ಮನ್ಯಾಗ ಹೆಂಡ್ತಿ ಚೀಲ ಬಿಚ್ಚಿ, ಅಕ್ಕಿ ಮೂಸಿ ನೋಡಿ ಅಂದ್ಳು: "ಸೈಕಲ್ಲಿಂದ ಮನಿಗೆ ಇದ ಮೊದಲ ಫಾಯ್ದೆ."

ಬಸ್ಸಿನಾಗಿನ ಫೋನು

ಪಂಚಮಿ ಹತ್ರ ಬಂತು. ದೇವರು ದೊಡ್ಡಾಂವ, ಆನ್‌ಲೈನ್‌ನ್ಯಾಗ ರಿಯಾಯ್ತಿಗೆ ಒಂದು ಚಿಮಟಾ ಸಿಕ್ತು, ಲಕೋಟಿಗೆ ಸರೀ ಹೊಂದೂವಂಥಾದ್ದು. ಮುಂಜಾನಿ ಲಿಂಗಸುಗೂರು ಬಸ್ಸಿನ್ಯಾಗ ನಿಂತ್ಕೊಂಡ ಆರ್ಡರ್ ಮಾಡಿ, ಖುಷಿಗೆ ಸಿಂಧನೂರಿನ ಗೆಳೆಯಗ ಫೋನ್ ಹಚ್ಚಿದೆ. ಬಸ್ಸಿನ ಗದ್ದಲದಾಗ ಚೀರದ ಕೇಳ್ಸಂಗಿಲ್ಲ.

"ಆತಲೇ! ಸಸ್ಪೆನ್ಷನ್ ಆರ್ಡರ್ ಆತು! ಹೂಂ, ನಂದ! ಮೂರು ವರ್ಷ ಆತು ಏನೂ ಕೆಲಸಾನ ಮಾಡವಲ್ದು, ಎಷ್ಟಂತ ತಾಳೂದು? ಇಲ್ಲ, ಹೆಂಡ್ತಿಗೊಬ್ಬಾಕಿಗೆ ಗೊತ್ತು. ಎಂಟು ದಿನದಾಗ ಕೈಗೆ ಬರತೈತಿ, ಆಫೀಸಿಗೇ ಕಳಸ್ತಾರ!"

ಫೋನ್ ಇಟ್ಟೆ. ಬಸ್ಸಿನಾಗಿನ ಮಂದಿ ಎಲ್ಲಾ ನನ್ನ ಕಡೇನ ತಿರಗಿ ನೋಡಾಕತ್ತಿತ್ತು. ಮೂರು ವರ್ಷದಾಗ ಒಮ್ಮೆಯೂ ಚಿಲ್ಲರ ಕೊಡದ ಕಂಡಕ್ಟರ್ ಅವತ್ತು ಚಿಲ್ಲರ ಕೊಟ್ಟ. ಮ್ಯಾಲ ಒಬ್ಬನ್ನ ಎಬ್ಬಿಸಿ ನನಗ ಸೀಟೂ ಕೊಡ್ಸಿದ. ನಾನು ನನ್ನ ವಯಸ್ಸಿಗೆ ಮರ್ಯಾದಿ ಕೊಟ್ಟ ಅಂದ್ಕೊಂಡೆ.

ಆಫೀಸಿನ ಮುಂದಿನ ಚಹಾದಂಗಡಿಯಾಂವ, "ಇವತ್ತು ರೊಕ್ಕ ಬ್ಯಾಡ್ರಿ, ಧೈರ್ಯಾ ಬಿಡಬ್ಯಾಡ್ರಿ" ಅಂದ. ಒಳಗ ಹೋದ್ರ ಬಾಜೂ ಟೇಬಲ್ಲಿನ ಗೆಳೆಯ ಆಗಲೇ ನನ್ನ ಫ್ಯಾನಿನ ಕೆಳಗ ತನ್ನ ಕುರ್ಚಿ ಎಳಕೊಂಡು ಕುಂತಿದ್ದ. ನನ್ನ ನೋಡಿ ಕಣ್ಣೀರು ಒರಸಿಕೊಂಡ, ಕುರ್ಚಿ ಮಾತ್ರ ಸರಿಸಲಿಲ್ಲ.

ಅಷ್ಟರಾಗ ಸಾಹೇಬ್ರ ಕರೆ ಬಂತು. ಸಾಹೇಬ್ರ ಮಾರಿ ಕೆಂಪಗಾಗಿತ್ತು.

"ಏನ್ರೀ ಇದು? ಈ ಆಫೀಸಿನ್ಯಾಗ ಸಸ್ಪೆಂಡ್ ಮಾಡಬೇಕಾದ್ರ ನಾ ಮಾಡಬೇಕು. ನನ್ನ ಸಹಿ ಇಲ್ಲದ ನಿಮ್ಮನ್ನ ಸಸ್ಪೆಂಡ್ ಮಾಡಿದವರು ಯಾರು?"

ಸೈಕಲ್ಲು, ಚಿಮಟಾ, ಸ್ಪ್ರಿಂಗು, ಎಲ್ಲಾ ಬಿಡಿಸಿ ಹೇಳಿದೆ. ಸಾಹೇಬ್ರು ಪೂರಾ ಕೇಳಿ, "ನಂಬೂವಂಥಾ ನೆವಾನರ ಹೇಳ್ರೀ" ಅಂದ್ರು.

ಮಾವನ ಹೋತ

ಸುದ್ದಿ ಎಲ್ಲೆಲ್ಲಿ ಬಸ್ಸು ಬದಲಿ ಮಾಡ್ತೋ ಏನೋ, ಗುರುಗುಂಟಾದಾಗ ನಮ್ಮ ಮಾವನ ಕಿವಿಗೂ ಮುಟ್ಟಿತ್ತು. ಮಗಳ ಮನಸ್ಸಿಗೆ ನೋವಾದೀತಂತ ಆಕಿಗೆ ಒಂದು ಮಾತೂ ಕೇಳದ, ಎಂಟನೇ ದಿನ ಸೀದಾ ನಮ್ಮ ಆಫೀಸಿನ ಗೇಟಿಗೆ ಬಂದು ನಿಂತಿದ್ದ. ಕೈಯಾಗ ಹಗ್ಗ, ಹಗ್ಗದ ತುದಿಗೆ ಕೊಬ್ಬಿದ ಒಂದು ಹೋತ.

"ಮಾವ, ಇದೇನು?"

"ನಿಮ್ಮ ಸಾಹೇಬಗ. ಚಿಂತಿ ಮಾಡಬ್ಯಾಡ ಅಳಿಯಾ, ಸಸ್ಪೆನ್ಷನ್ ತೆಗಿಸೇ ಹೋಗೂದು."

"ನಮ್ಮ ಸಾಹೇಬ್ರು ಉಳ್ಳಾಗಡ್ಡೀನೂ ತಿನ್ನಂಗಿಲ್ಲ ಮಾವ! ಮತ್ತ ಸಸ್ಪೆನ್ಷನ್ ತೆಗಿಸೂದಲ್ಲ, ಹಾಕಸೂದು."

"ಹಾಕಸೂದಾ? ಯಾರು?"

"ನಾನ. ರೊಕ್ಕ ನಿಮ್ಮ ಮಗಳು ಕೊಟ್ಟಾಳ."

ಮಾವ ಗೇಟಿನ ಕಟ್ಟಿ ಮ್ಯಾಲ ತಲಿ ಹಿಡಕೊಂಡು ಕುಂತ. ಅದ ಹೊತ್ತಿಗೆ ಕೊರಿಯರ್‌ದಾಂವ ಉದ್ದಾನ ಡಬ್ಬಿ ಹೆಗಲ ಮ್ಯಾಲ ಹೊತ್ಕೊಂಡು ಬಂದು, ಅದರ ಮ್ಯಾಲಿನ ಚೀಟಿ ಓದಿ, ಇಡೀ ಆಫೀಸು ಕೇಳೂವಾಂಗ ಕೂಗಿದ: "ಸಾಹೇಬ್ರ, ನಿಮ್ಮ ಸಸ್ಪೆನ್ಷನ್ ಬಂದೈತಿ, ಸಹಿ ಮಾಡಿ ತಗೋರಿ!"

ಮಾವ ಡಬ್ಬಿ ಈ ತುದಿಯಿಂದ ಆ ತುದಿ ತನಕಾ ನೋಡಿದ. "ಇಷ್ಟು ದೊಡ್ಡ ಆರ್ಡರಾ?" ಅಂದ. "ಅಂಥಾದ್ದೇನು ಮಾಡೀಯೋ, ಅಳಿಯಾ?"

ಬಸಿ ಚಹಾ

ಮರುದಿನ ರವಿವಾರ. ಅದರ ಮರುದಿನ ಹೆಂಡ್ತಿ ತವರಿಗೆ ಹೊಂಟಿದ್ಳು. ಸೈಕಲ್ಲು, ಡಬ್ಬಿ, ಮಾವ, ಮಾವನ ಬೆನ್ನು ಬಿಡದ ಹೋತ, ಎಲ್ಲಾರೂ ಕೂಡಿ ಚಾಚಾನ ಅಂಗಡಿಗೆ ಹೋದ್ವಿ. ಮುಂಜಾನಿ ಓಣ್ಯಾಗ ಗುಜರಿಯಾಂವ ಕೂಗಿಕೋತ ಹೋಗಿದ್ದ. ಹೆಂಡ್ತಿ ಅವಗ "ಸಂಜೀಕ ಬಾರಪಾ" ಅಂದಿದ್ದು ನನ್ನ ಕಿವ್ಯಾಗ ಇನ್ನೂ ಗುಂಯ್ ಅಂತಿತ್ತು.

ಚಾಚಾ ಡಬ್ಬಿ ಬಿಚ್ಚಿ, ಹೊಸ ಚಿಮಟಾ ನೆಲಕ್ಕ ಊರಿ ಒತ್ತಿದ. ಅದು ಕುಗ್ಗಿ ಎದ್ದು ನಿಂತು ಬುಸ್ ಅಂತು. ನನ್ನ ಕಣ್ಣಾಗ ನೀರು ಬಂತು. ಚಾಚಾನ ಮಾರಿ ಸಣ್ಣದಾತು.

"ಮೋಸ ಹೋಗೀರಿ ಸಾಹೇಬ್ರ. ಇದೂ ಅಲ್ಲಾಡತೈತಿ."

"ಚಾಚಾ, ಅದು ಅಲ್ಲಾಡ..."

"ಇರ್ರಿ, ನಾ ಇದ್ದೀನಲ್ಲ." ಚಿಮಟಾದ ಬಲಗಾಲಿನ ತುದಿಗೆ ಸಣ್ಣ ಬಿರಡಿಯಂಥಾದ್ದು ಒಂದಿತ್ತು. ಚಾಚಾ ಅದನ್ನ ಕಟ್ ಅಂತ ತಿರಿವಿದ. ಮತ್ತ ಒತ್ತಿದ. ಕಲ್ಲು! "ಹಾಂ, ಈಗ ಗಟ್ಟಿ ಆತು. ನಿಮ್ಮ ಹಳೇದಕ್ಕೂ ಹಿಂಗ ಮಾಡಿ ಕೊಟ್ಟಿದ್ದೆ, ನೆನಪೈತಿಲ್ರಿ? ಫುಕಟ್!"

ನಾನು ಮೆಲ್ಲಕ ನನ್ನ ಸೈಕಲ್ಲಿನ ಹಂತ್ಯಾಕ ಹೋದೆ. ಹಳೇ ಚಿಮಟಾದ ಬಲಗಾಲಿನ ತುದಿಗೆ, ಮೂರು ವರ್ಷದ ಧೂಳಿನ ಕೆಳಗ, ಅಂಥಾದ್ದ ಬಿರಡಿ. ಎಡಕ್ಕ ತಿರಿವಿದೆ. ಹ್ಯಾಂಡಲ್ ಒತ್ತಿದೆ. ಕುಂಯ್ ಅಂದು ಕುಗ್ಗಿ, ಬುಸ್ ಅಂತ ಎದ್ದು ನಿಂತಿತು.

ಮಾವ ಒಂದ ಏಟಿಗೆ ಎಲ್ಲಾ ತಿಳಕೊಂಡ. "ಅಳಿಯಾ, ಸಹಿ ಇಲ್ಲದ ಸಸ್ಪೆಂಡ್ ಮಾಡಿದವರು ಯಾರಂತ ನಿಮ್ಮ ಸಾಹೇಬ ಕೇಳಿದ್ನಂತಲ್ಲ," ಅಂತ ಚಾಚಾನ ಕಡೆ ಬಟ್ಟು ಮಾಡಿದ. "ಇಂವ ನೋಡು!"

ಅವತ್ತು ಸಂಜೀಕ ಮಸ್ಕಿ ಗುಡ್ಡದ ತನಕಾ ಹೊಡಕೊಂಡು ಬಂದೆ. ಹೆಂಡ್ತಿ ಬಸಿ ತುಂಬ, ಅಂಚಿಗೆ ಹತ್ತೂವಾಂಗ ಚಹಾ ಹಾಕಿ ಕೊಟ್ಳು. ಅವ್ವ ಇಕ್ಕಳಾ ಹಿಡಕೊಂಡ ನಿಂತಿದ್ಳು. ಬಾಗಲದಾಗ ಗುಜರಿಯಾಂವ ಕಾಯಾಕತ್ತಿದ್ದ. ಒಂದು ಹನಿ ಚೆಲ್ಲಲಿಲ್ಲ ನೋಡ್ರಿ. ಪಂಚಮಿ ಮುಗಿಸಿ ತವರಿಂದ ಬಂದ ಹೆಂಡ್ತಿ ಹೊಸ ಚಿಮಟಾ ವಾಪಸ್ ಕಳಿಸಿ, ಬಂದ ರೊಕ್ಕ ಲಕೋಟಿಯಾಗ ಹಾಕಿ, ಲಕೋಟಿ ಟ್ರಂಕಿನ್ಯಾಗ ಇಟ್ಳು. ಆಮ್ಯಾಲ ಕೇಳಿದ್ಳು: "ಮೂರು ವರ್ಷ ತಪ್ಪಿಲ್ಲದ ಸಸ್ಪೆಂಡ್ ಆಗಿತ್ತಲ್ರೀ ಪಾಪ, ಅದರ ಬಾಕಿ ಪಗಾರ ಯಾರು ಕೊಡ್ತಾರ?"

ಚಾಚಾನ ಮ್ಯಾಲ ನನಗ ಸಿಟ್ಟಿಲ್ಲ. ಮನಶ್ಯಾ ಬಂಗಾರ. ಈಗೂ ಪಂಚರ್ ಆದ್ರ ಅವನ ಹಂತ್ಯಾಕನ ಹೋಗ್ತೀನಿ. ಆದ್ರ ಗಾಲಿ ಒಂದ ಬಿಚ್ಚಿಕೊಂಡು ಹೋಗ್ತೀನಿ, ಸೈಕಲ್ ಮನ್ಯಾಗ ಬೀಗ ಹಾಕಿ ಇಟ್ಟು.