ಬೀಜಾಡಿ ಅಂಗಳದ ಅತಿವಾಹಕ

ಬೇರೆಯವರ ಕಾರು, ಬಂಗಲೆ ಕಂಡು ಹೊಟ್ಟೆ ಉರಿಸಿಕೊಳ್ಳುವ ಪೈಕಿಯವನಲ್ಲ ನಾನು. ನನ್ನ ಹೊಟ್ಟೆಕಿಚ್ಚು ಸ್ವಲ್ಪ ಓದುಬರಹ ಬಲ್ಲದ್ದು. ಕುಂದಾಪುರದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿರುವ ನನಗೆ, ರಸಾಯನಶಾಸ್ತ್ರದ ಶೇಖರ ಮಾಷ್ಟ್ರು ನನ್ನ ವಿಷಯದಲ್ಲಿ ಹೆಸರು ಮಾಡಿದರೆ ಮಾತ್ರ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಒಂದು ಸೋಮವಾರ ಅವರು ತಾವೇ ಪುಡಿ ಅರೆದು ಒತ್ತಿ ಮಾಡಿದ ಕಪ್ಪು ಬಿಲ್ಲೆಯೊಂದನ್ನು ಸ್ಟಾಫ್ ರೂಮಿಗೆ ತಂದು ಅಯಸ್ಕಾಂತದ ಮೇಲಿಟ್ಟರು. ಅದರ ಒಂದು ತುದಿ ಮೆಲ್ಲನೆ ಎದ್ದು ನಿಂತಿತು. "ಅತಿವಾಹಕ ಮಾರಾಯ್ರೆ! ಐಸೂ ಬ್ಯಾಡ, ಎಂತದೂ ಬ್ಯಾಡ!" ಎಂದರು. ಅತಿವಾಹಕವೆಂದರೆ ಕರೆಂಟು ಒಂದಿಷ್ಟೂ ಅಡ್ಡಿಯಿಲ್ಲದೆ ಹರಿಯುವ ವಸ್ತು. ಅದಕ್ಕೆ ಭಯಂಕರ ಚಳಿಯೋ ವಿಪರೀತ ಒತ್ತಡವೋ ಬೇಕು. ಸುಮ್ಮನೆ ಕೋಣೆಯಲ್ಲಿಟ್ಟರೂ ಕೆಲಸ ಮಾಡುವಂಥದ್ದು ಸಿಕ್ಕಿತೆಂದು ದೊಡ್ಡ ದೊಡ್ಡವರೇ ಹೇಳಿ ಆಮೇಲೆ ನಾಲಿಗೆ ಕಚ್ಚಿಕೊಂಡಿದ್ದಾರೆ. ಅದೂ ನಮ್ಮ ಸ್ಟಾಫ್ ರೂಮು! ಸೆಖೆಗಾಲದಲ್ಲಿ ಅಲ್ಲಿಟ್ಟ ಮೇಣದಬತ್ತಿ ಕೂಡ ಬಾಗುತ್ತದೆ.

ವಿಜ್ಞಾನ ದಿನದ ಭಾಷಣ ಪ್ರತಿವರ್ಷ ನನ್ನದೇ. ಪ್ರಾಂಶುಪಾಲರು, "ಈ ಸಲ ಶೇಖರ ಮಾಷ್ಟ್ರು ಮಾತಾಡಲಿ. ನೀವು ಮೊದಲು ಅದನ್ನೊಮ್ಮೆ ಪರೀಕ್ಷಿಸಿ ಕೊಡಿ" ಎಂದುಬಿಟ್ಟರು. ಮನೆಗೆ ಬಂದರೆ ಹೆಂಡತಿಗೆ ಸುದ್ದಿ ಆಗಲೇ ತಲುಪಿತ್ತು. "ಹ್ವಾಯ್, ಶೇಖರ ಮಾಷ್ಟ್ರ್ ಕಲ್ಲ್ ತೇಲ್ಸಿದ್ರ್ ಅಂಬ್ರಲೆ! ನೀವ್ ಇಷ್ಟ್ ವರ್ಷ ಎಂತ ತೇಲ್ಸಿದ್ರಿ?" ಅಂದಿನ ಬಂಗುಡೆ ಸಾರು ಕೂಡ ಸಪ್ಪೆಯಾಗಿತ್ತು.

ಮರುದಿನ ಶೇಖರ ಮಾಷ್ಟ್ರ ಎದುರೇ ಪರೀಕ್ಷೆಗೆ ಕೂತೆ. ಬಿಲ್ಲೆ ನಿಜವಾಗಿರಬಾರದೆಂದು ಎಷ್ಟು ದೇವರಿಗೆ ಹೇಳಿಕೊಂಡೆನೋ! ನಿಜವಾದ ಅತಿವಾಹಕ ಅಯಸ್ಕಾಂತದ ಎರಡು ತುದಿಗಳನ್ನೂ ದೂರ ತಳ್ಳಬೇಕು. ನಾನು ಅಯಸ್ಕಾಂತವನ್ನು ಮೇಲಿನಿಂದ ಹಿಡಿದೆ. ಬಿಲ್ಲೆ ಚಂಗನೆ ಹಾರಿ ಬಂದು ಅಂಟಿಕೊಂಡಿತು. ಮುರಿದು ನೋಡಿದರೆ ಒಳಗೆ ಮಿಣಮಿಣ ಹೊಳೆಯುವ ಕಪ್ಪು ಕಣ. ಚಿಕ್ಕಂದಿನಲ್ಲಿ ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಬೀಜಾಡಿಯ ಕಡಲ ಬದಿಯಲ್ಲಿ ಎಳೆದಾಡಿ, ಅದಕ್ಕೆ ಕರಿ ಹೊಯ್ಗೆಯ, ಅಂದರೆ ಕಬ್ಬಿಣ ಬೆರೆತ ಮರಳಿನ, ಗಡ್ಡ ಬರಿಸುತ್ತಿದ್ದವನು ನಾನು. ಈ ಕಣ ನನಗೆ ಗೊತ್ತಾಗದೇ?

"ಪುಡಿ ಎಲ್ಲ್ ಒಣ್ಗ್ಸಿದ್ರಿ?"

"ಮನೆ ಅಂಗ್ಳದಗೆ. ಬೀಜಾಡಿಯಲ್ಲ್."

"ಗಾಳಿ ಇದ್ದಿತ್ತಾ?"

ಶೇಖರ ಮಾಷ್ಟ್ರು ಮುರಿದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ನಾನು ಮುಖದಲ್ಲಿ ದುಃಖ ತಂದುಕೊಂಡು, "ಕರಿ ಹೊಯ್ಗೆ ಬೆರ್ತಿತ್ ಮಾರಾಯ್ರೆ" ಎಂದೆ. ಹೊಟ್ಟೆಯೊಳಗೆ ಹಾಲು ಪಾಯಸ.

ಆದರೂ ವಿಜ್ಞಾನ ದಿನದಂದು ವೇದಿಕೆ ಹತ್ತಿದ್ದು ಅವರೇ. "ನಾನ್ ಮಾಡ್ದದ್ ಅತಿವಾಹಕ ಅಲ್ಲ, ಬೀಜಾಡಿ ಹೊಯ್ಗೆ ಉಂಡೆ!" ಎಂದು ನಕ್ಕರು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ತಪ್ಪು ಹೇಗಾಯಿತೆಂದು ವಿವರಿಸಿ, "ಕಂಡ್ ಹಿಡ್ದದ್ ಇವ್ರ್" ಎಂದು ನನ್ನತ್ತ ಕೈ ತೋರಿಸಿದರು. ಮಕ್ಕಳು ತಿರುಗಿ ನೋಡಿದರು, ಮತ್ತೆ ಅವರತ್ತಲೇ ತಿರುಗಿದರು. "ತಪ್ಪನ್ನು ಹೀಗೆ ಒಪ್ಪಿಕೊಳ್ಳುವವರೇ ನಿಜವಾದ ವಿಜ್ಞಾನಿ" ಎಂದು ಪ್ರಾಂಶುಪಾಲರು ಶಾಲು ಹೊದಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು, ಭಾಷಣ ಕೇಳಲು ಬಂದಿದ್ದ ನನ್ನ ಹೆಂಡತಿ.

ಒಂದು ವಾರದಿಂದ ನಾನೂ ಲ್ಯಾಬಿನ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಮುಂದಿನ ವರ್ಷ ವೇದಿಕೆಯ ಮೇಲೆ ಒಪ್ಪಿಕೊಳ್ಳಲು ನನಗೂ ಒಂದು ಒಳ್ಳೆಯ ತಪ್ಪು ಬೇಕು. ಏನು ಮಾಡಿದರೂ ಹಾಳಾದ್ದು, ಉತ್ತರ ಸರಿಯಾಗಿಯೇ ಬರುತ್ತಿದೆ.