ಮಹಾರಾಜನಿಗೆ ನೆಗಡಿಯಾಗಲಿ

ಅಕ್ಕನಿಗೆ ತಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ನಾಟಕ ತಂಡದ ಬದಲಿ ನಟ ಬೆಳಗಿನಿಂದ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ನಾಟಕದಲ್ಲಿ ನಿನ್ನದು ಯಾವ ಪಾತ್ರ ಎಂದು ಅವಳು ಹಿಂದೊಮ್ಮೆ ಫೋನಿನಲ್ಲಿ ಕೇಳಿದಾಗ ‘ರಾಜ’ ಎಂದುಬಿಟ್ಟಿದ್ದ. ರಾಜನ ಮಾತುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ರಾಜನ ನಡಿಗೆ ಬರುತ್ತಿತ್ತು. ಅವನ ಅಳತೆಗೆ ಹೊಲಿದ ಒಂದು ರಾಜನ ನಿಲುವಂಗಿಯೂ ಬೀರುವಿನಲ್ಲಿ ನೇತಾಡುತ್ತಿತ್ತು. ಇಲ್ಲದಿದ್ದದ್ದು ಒಂದೇ, ರಂಗದ ಮೇಲೆ ಕಾಲಿಡುವ ಯೋಗ. ರಾಜನಾಗುವ ನಟ ಕಾಯಿಲೆ ಬಿದ್ದರೆ ಮಾತ್ರ ಇವನು ರಾಜ. ಬೀಳದಿದ್ದರೆ ಪರದೆಯ ಪಕ್ಕ ನಿಂತು ತುಟಿ ಅಲ್ಲಾಡಿಸುವ ಬದಲಿ ನಟ. ತಂಡದವರು ಅವನನ್ನು ಬದಲಿ ಎಂದೇ ಕರೆಯುತ್ತಿದ್ದರು. ಕರೆದೂ ಕರೆದೂ ಅದೇ ಅವನ ಹೆಸರಾಗಿಹೋಗಿತ್ತು.

ನಿನ್ನೆ ಅಕ್ಕ ಮತ್ತೆ ಫೋನು ಮಾಡಿದ್ದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಾಳೆ ಕೊನೆಯ ಪ್ರದರ್ಶನವಂತಲ್ಲ, ರೈಲಿಗೆ ಬರುತ್ತಿದ್ದೇನೆ, ಮುಂದಿನ ಸಾಲಿನಲ್ಲೇ ಟಿಕೆಟ್ಟು ಸಿಕ್ಕಿದೆ, ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳಿಯಾಗಿದೆ ಎಂದಳು. ಬದಲಿ ‘ಬಾ ಅಕ್ಕ’ ಎಂದ. ಆಮೇಲೆ ರಾತ್ರಿಯಿಡೀ ಅವನ ರೆಪ್ಪೆಗೆ ರೆಪ್ಪೆ ಅಂಟಲಿಲ್ಲ.

ಹಾಗಾಗಿ ಈ ದಿನ ಅವನ ಆಸೆ ಸರಳವಾಗಿತ್ತು. ಸಂಜೆಯೊಳಗೆ ಮಹಾರಾಜರಿಗೆ, ಎಂದರೆ ರಾಜನಾಗುವ ಆ ನಟರಿಗೆ, ನೆಗಡಿಯಾಗಬೇಕು. ಜ್ವರ ಬೇಡ, ಪಾಪ. ದನಿ ಕೂರುವಷ್ಟು ನೆಗಡಿ ಸಾಕು.

ಆದರೆ ಮಹಾರಾಜರು ನೆಗಡಿಯ ಜಾತಿಯವರಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಗೆ ಕೈಕಾಲು ಬಂದ ಹಾಗಿದ್ದರು. ಹಸಿವಾದಾಗ ಉಣ್ಣುವುದು, ತಟ್ಟೆಯ ಅರ್ಧದಷ್ಟು ಸೊಪ್ಪು ತರಕಾರಿ, ಮಧ್ಯಾಹ್ನ ಒಂದು ಹಣ್ಣು, ಮನೆಯಿಂದ ನಾಟಕಶಾಲೆಗೆ ನಡಿಗೆ, ನಾಟಕ ಮುಗಿದರೆ ನೇರ ಹಾಸಿಗೆ. ಇಷ್ಟೇ. ಔಷಧಿಯಿಲ್ಲ, ಕಷಾಯವಿಲ್ಲ, ಯಾರಿಗೂ ಉಪದೇಶವಿಲ್ಲ. ಈ ಸಲದ ಚಳಿಯಲ್ಲಿ ನೆಗಡಿ ತಂಡವನ್ನು ಒಂದು ಸುತ್ತು ಹೊಡೆದು, ಮರೆತ ಛತ್ರಿ ಒಯ್ಯಲು ಬಂದವರ ಹಾಗೆ ಇನ್ನೊಮ್ಮೆ ಬಂದು ಹೋಗಿತ್ತು. ಮಹಾರಾಜರ ಬಾಗಿಲನ್ನು ಮಾತ್ರ ಅದು ತಟ್ಟಲಿಲ್ಲ. ಪ್ರತಿ ಸುತ್ತಿಗೂ ಮೊದಲು ಮಲಗುತ್ತಿದ್ದವನು ಬದಲಿಯೇ. ನಿಂತಲ್ಲೇ ಬನ್ನು, ಊಟದ ಹೊತ್ತಿಗೆ ಚಹಾ, ನಿದ್ದೆಯ ಹೊತ್ತಿಗೆ ಕನ್ನಡಿಯ ಮುಂದೆ ರಾಜನ ಮಾತು: ಇಂಥವನನ್ನು ಬಿಟ್ಟು ನೆಗಡಿಯಾದರೂ ಇನ್ನೆಲ್ಲಿಗೆ ಹೋದೀತು?

ಗುಟ್ಟನ್ನು ಅವನು ಹೇಳಿದ್ದು ಬಟ್ಟೆ ಹೊಲಿಯುವ ಚಿಕ್ಕಮ್ಮನಿಗೆ ಒಬ್ಬಳಿಗೇ. ಅವಳು ಯಾರ ಚಿಕ್ಕಮ್ಮನೂ ಅಲ್ಲ, ಎಲ್ಲರ ಚಿಕ್ಕಮ್ಮ. ಅವಳು ಸೂಜಿಗೆ ದಾರ ಪೋಣಿಸಿ ಮುಗಿಸುವಷ್ಟರಲ್ಲಿ ಗುಟ್ಟು ದೀಪದವನನ್ನೂ ಕರಡಿಯನ್ನೂ ತಲುಪಿತ್ತು. ಕರಡಿ ಎಂದರೆ ಕರಡಿಯ ವೇಷದವನು. ನಾಟಕದಲ್ಲಿ ರಾಜ ಕಾಡಿನಲ್ಲಿ ದಾರಿ ತಪ್ಪಿ, ಮೇಲೆ ಬಿದ್ದ ಕರಡಿಯನ್ನು ಕೊಂದು, ಅದರ ಹೆಣದ ಪಕ್ಕ ಕುಳಿತು ಬದುಕಿನ ಬಗ್ಗೆ ಉದ್ದಕ್ಕೆ ಮಾತಾಡುತ್ತಾನೆ. ಕರಡಿಯದು ಒಂದು ಗರ್ಜನೆ, ಆಮೇಲೆ ಸುದೀರ್ಘ ಸಾವು. ಬೊಜ್ಜು ಮೈಯ ಆ ನಟನಿಗೆ ಅದು ಹೇಳಿ ಮಾಡಿಸಿದ ಪಾತ್ರ.

ಮೂವರೂ ಬದಲಿಯೊಂದಿಗೆ ಬಟ್ಟೆಯ ಕೋಣೆಯಲ್ಲಿ ಸಭೆ ಸೇರಿದರು. ಮನುಷ್ಯನಿಗೆ ರೋಗ ತಡೆಯುವ ಶಕ್ತಿ ಅಂತ ಒಂದಿರುತ್ತದೆ, ಮೊದಲು ಅದನ್ನು ಮುರಿಯಬೇಕು ಎಂದಳು ಚಿಕ್ಕಮ್ಮ. ಸಕ್ಕರೆ ತಿಂದರೆ ಮುರಿಯುತ್ತದೆಂದು ಎಲ್ಲೋ ಓದಿದ್ದಳು. ಎಣ್ಣೆಯಲ್ಲಿ ಕರಿದದ್ದೇ ಅದಕ್ಕೆ ಮದ್ದು ಎಂದ ಕರಡಿ, ನಾಲಗೆ ಸವರಿಕೊಳ್ಳುತ್ತಾ. ತಿನ್ನುವುದಕ್ಕಿಂತ ನಿದ್ದೆಗೆಟ್ಟರೆ ಬೇಗ ಮುರಿಯುತ್ತದೆ ಎಂದು ದೀಪದವನು ವಾದಿಸಿದ. ಮುರಿದ ಮೇಲೆ ರೋಗವನ್ನು ಎಲ್ಲಿಂದ ತರೋಣ ಎಂಬ ಪ್ರಶ್ನೆ ಬಂದಾಗ ಚಿಕ್ಕಮ್ಮ ದೊಡ್ಡ ಮನಸ್ಸು ಮಾಡಿದಳು.

“ನಂದಿದೆಯಲ್ಲ, ಹೊಸಾದು. ನಿನ್ನೆ ತಾನೇ ಶುರುವಾಗಿದೆ,” ಎಂದು ಮೂಗೊರೆಸಿಕೊಂಡಳು.

ಕೊನೆಯ ದಿನದ ನೆಪದಲ್ಲಿ ಬದಲಿ ಎಲ್ಲರಿಗೂ ತಿಂಡಿ ತಂದ. ಕೆನೆ ಬಳಿದ ಕೇಕು, ಕಾಗದವೇ ಪಾರದರ್ಶಕವಾಗುವಷ್ಟು ಎಣ್ಣೆ ಕುಡಿದ ಆಲೂಗಡ್ಡೆ, ಡಬ್ಬಿ ತುಂಬ ಐಸ್‌ಕ್ರೀಮು. ಮಹಾರಾಜರು ಬೇಡವೆನ್ನಬಹುದೆಂದು ಹೆದರಿದ್ದ. ಅವರು ಬೇಡವೆನ್ನಲಿಲ್ಲ. ಕುರ್ಚಿ ಎಳೆದುಕೊಂಡು ಒಂದು ತುಂಡು ಕೇಕನ್ನು ಕಣ್ಣು ಮುಚ್ಚಿ ಸವಿದರು. ಇನ್ನೊಂದು ಕೊಡಲು ಹೋದರೆ ನಕ್ಕು ಕೈ ಅಡ್ಡ ಹಿಡಿದರು.

“ಗಂಟಲಿಗೆ, ಮೈಗೆ ಏನಾದ್ರೂ ಆಗುತ್ತೆ ಅಂತ ಭಯವಿಲ್ವಾ ಸರ್?” ಎಂದು ಬದಲಿ ಆಸೆಯಿಂದ ಕೇಳಿದ.

“ಒಂದು ದಿನ ತಿಂದ್ರೆ ಏನಾಗುತ್ತಪ್ಪ? ಒಂದು ದಿನ ಸೊಪ್ಪು ತಿಂದು ಗಟ್ಟಿಯಾದವರೂ ಇಲ್ಲ, ಒಂದು ದಿನ ಕೇಕ್ ತಿಂದು ಕೆಟ್ಟವರೂ ಇಲ್ಲ. ದಿನಾ ಏನು ಮಾಡ್ತೀವೋ ಅದೇ ಲೆಕ್ಕ.”

ಈ ಕೋಟೆಯನ್ನು ಒಂದೊಂದೇ ಕಲ್ಲಿಟ್ಟು ವರ್ಷಗಟ್ಟಲೆ ಕಟ್ಟಿದ್ದಾರೆ, ತಾನು ಚಮಚ ಹಿಡಿದು ಕೆಡವಲು ಬಂದಿದ್ದೇನೆ ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ಉಳಿದ ತಿಂಡಿಯನ್ನು ಕರಡಿ, ಹಾಳಾಗಬಾರದಲ್ಲ ಎಂಬ ಒಂದೇ ಕಾಳಜಿಯಿಂದ, ಒಬ್ಬನೇ ಮುಗಿಸಿದ.

ಚಿಕ್ಕಮ್ಮ ಕಾಲರು ಸರಿಮಾಡುವ ನೆಪದಲ್ಲಿ ಮಹಾರಾಜರ ಮೂಗಿನ ನೇರಕ್ಕೇ ನಿಂತು ಧಾರಾಳವಾಗಿ ಸೀನಿದಳು. ಮಹಾರಾಜರು ಅವಳಿಗೆ ಬಿಸಿನೀರು ತರಿಸಿಕೊಟ್ಟು, ಮುಖ ತೊಳೆದುಕೊಂಡು, ಮಧ್ಯಾಹ್ನದ ನಿದ್ದೆಗೆ ಹೊರಟರು. ಇನ್ನು ಉಳಿದದ್ದು ದೀಪದವನ ಉಪಾಯ. ಮಹಾರಾಜರು ಮಲಗುವ ಕೋಣೆಯ ಹೊರಗೆ ಕುಳಿತು ಆಗಾಗ ತಗಡು ಬಡಿಯಬೇಕು, ನಾಟಕದ ಗುಡುಗಿಗೆ ಬಳಸುವ ತಗಡು. ಆ ಕೆಲಸ ಬದಲಿಗೇ ಬಿತ್ತು.

ಕೋಣೆಯ ಹೊರಗೆ ಹಳೆಯ ಪರದೆಗಳ ರಾಶಿಯಿತ್ತು. ಬದಲಿ ಅದರ ಮೇಲೆ ತಗಡು ಹಿಡಿದು ಕುಳಿತ. ಮೇಲಿನ ಕಿಟಕಿಯಿಂದ ಇಳಿದ ಬಿಸಿಲಿನ ಕೋಲಿನಲ್ಲಿ ಧೂಳಿನ ಕಣಗಳು ಅವಸರವಿಲ್ಲದೆ ತೇಲುತ್ತಿದ್ದವು. ಮಕಮಲ್ಲು ಬೆಚ್ಚಗಿತ್ತು. ಖಾಲಿ ಕುರ್ಚಿಗಳ ಸಾಲುಗಳಾಚೆ ಯಾರೋ ಮೆಲ್ಲಗೆ ನೆಲ ಗುಡಿಸುತ್ತಿದ್ದ ಸದ್ದು ದೂರದ ಸಮುದ್ರದ ಹಾಗೆ ಬಂದು ಬಂದು ಹೋಗುತ್ತಿತ್ತು. ಇಗೋ ಈಗ ಬಡಿಯುತ್ತೇನೆ ಎಂದುಕೊಂಡ. ಬಡಿಯುವ ಮೊದಲೇ ಪರದೆ ಎದ್ದಿತು. ತಾನು ಕಿರೀಟವಿಟ್ಟು ನಿಂತಿದ್ದ. ಕುರ್ಚಿಗಳಲ್ಲೆಲ್ಲ ಅಕ್ಕಂದಿರೇ, ಎಲ್ಲರೂ ಅವನ ಅಕ್ಕನೇ, ಎಳೆಯ ವಯಸ್ಸಿನ, ಎರಡು ಜಡೆಯ ಅಕ್ಕ. ಮಾತುಗಳು ಬಾಯಿಂದ ಬರುವ ಬದಲು ಹಗುರ ಹಕ್ಕಿಗಳಾಗಿ ಬಂದು ಅವಳ ಮಡಿಲಲ್ಲಿ ಕೂರುತ್ತಿದ್ದವು. ಅವನಿಗೆ ಅಳು ಬರುವಷ್ಟು ಸುಖವಾಯಿತು.

ಎಚ್ಚರವಾದಾಗ ಬಿಸಿಲು ಗೋಡೆ ಹತ್ತಿತ್ತು. ಮೈಮೇಲೆ ಯಾರೋ ರಾಜನ ನಿಲುವಂಗಿ ಹೊದಿಸಿದ್ದರು. ತಗಡು ಜೋಪಾನವಾಗಿ ಪಕ್ಕಕ್ಕಿತ್ತು. ಮಹಾರಾಜರು ಎದುರು ಕುಳಿತು ಹಣ್ಣು ಸುಲಿಯುತ್ತಿದ್ದರು.

“ಚೆನ್ನಾಗಿ ನಿದ್ದೆ ಬಂತು ನಂಗೆ. ನೀನೇ ಯಾಕೋ ಸೋತು ಹೋಗಿದೀಯ. ತಗೋ,” ಎಂದು ಅರ್ಧ ಹಣ್ಣನ್ನು ಅವನ ಕೈಗಿಟ್ಟರು.

ಅವನಿಗೆ ನಾಚಿಕೆಯಾಯಿತು. ಎಲ್ಲವನ್ನೂ ಹೇಳಿ, ಒಂದೇ ಒಂದು ಸಂಜೆ ಬಿಟ್ಟುಕೊಡಿ ಎಂದು ಕೇಳಿಬಿಡಬೇಕೆನ್ನಿಸಿತು. ಕೇಳಿದ್ದರೆ ಅವರು ಕೊಡುತ್ತಿದ್ದರೋ ಏನೋ. ಅವನು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ನಿರ್ದೇಶಕರು ಬದಲಿ ಎಲ್ಲಿ, ಬದಲಿ ಎಲ್ಲಿ ಎಂದು ಕೂಗುತ್ತಾ ಓಡಿಬಂದರು. ಅವರ ಮುಖ ಬಿಳಿಚಿತ್ತು. ಕಾಯಿಲೆ, ಏಳುವ ಹಾಗೇ ಇಲ್ಲ, ನೀನೇ ಗತಿ ಎಂದರು.

ಬದಲಿ ನಿಲುವಂಗಿ ಹಿಡಿದುಕೊಂಡೇ ಎದ್ದು ನಿಂತ. ಆದರೆ ಮಹಾರಾಜರು ಕಣ್ಣೆದುರೇ ಕಲ್ಲುಗುಂಡಿನ ಹಾಗೆ ಕುಳಿತು ಹಣ್ಣು ತಿನ್ನುತ್ತಿದ್ದರು.

“ಯಾರಿಗೆ ಸರ್?” ಎಂದ.

“ಕರಡಿಗೆ. ಅದೇನು ತಿಂದನೋ, ಮಧ್ಯಾಹ್ನದಿಂದ ಬಚ್ಚಲು ಬಿಟ್ಟು ಬಂದಿಲ್ಲ.”

ಎತ್ತಿಗೆ ಬರಲೆಂದು ಹಾರೈಸಿದ ಜ್ವರ ಎಮ್ಮೆಗೆ ಬಂದಿತ್ತು. ಬರೆ ಮಾತ್ರ ಹಾರೈಸಿದವನಿಗೇ ಬಿತ್ತು. ಬದಲಿ ನಟನೆಂದರೆ ಯಾವ ಪಾತ್ರಕ್ಕೂ ಬದಲಿ, ಆಗುವುದಿಲ್ಲ ಎನ್ನುವಂತಿರಲಿಲ್ಲ. ಚಿಕ್ಕಮ್ಮ ಸೀನುತ್ತಾ ಅವನನ್ನು ಕರಡಿಯ ಚರ್ಮಕ್ಕೆ ತುರುಕಿ ಬೆನ್ನಿನ ಗುಂಡಿ ಹಾಕಿದಳು. ಒಳಗೆ ಹಳೆಯ ಕರಡಿಯ ಬೆವರಿತ್ತು, ಎಣ್ಣೆಯ ವಾಸನೆಯಿತ್ತು, ನೋಡಲು ಬಟಾಣಿ ಗಾತ್ರದ ಎರಡು ತೂತುಗಳಿದ್ದವು. ಮುಖವಾಡದ ದವಡೆಯನ್ನು ಗದ್ದಕ್ಕೆ ಕಟ್ಟಿದ್ದರಿಂದ ಅವನು ಬಾಯಿ ಆಡಿಸಿದರೆ ಕರಡಿಯ ಬಾಯಿಯೂ ಆಡುತ್ತಿತ್ತು.

ಆ ತೂತುಗಳಿಂದಲೇ ಅವನು ಅಕ್ಕನನ್ನು ಕಂಡ. ಮುಂದಿನ ಸಾಲಿನ ನಡುವೆ, ಒಳ್ಳೆಯ ಸೀರೆಯುಟ್ಟು, ಮಡಿಲ ಮೇಲೆ ಕೈಜೋಡಿಸಿಕೊಂಡು ಕುಳಿತಿದ್ದಳು. ಕೂದಲು ನೆರೆತಿತ್ತು. ಅವಳನ್ನು ನೋಡುತ್ತಾ ನಿಂತವನಿಗೆ ತಾನು ಗರ್ಜಿಸಬೇಕೆಂಬುದು ಮರೆತೇಹೋಯಿತು. ರಾಜ ಸುಮ್ಮನೆ ನಿಂತ ಕರಡಿಯತ್ತ ತಾನೇ ಕತ್ತಿ ಹಿರಿದು ಹೋಗಬೇಕಾಯಿತು. ಆಗ ಬದಲಿ ಎಚ್ಚೆತ್ತು ಹಾರಲು ಹೋಗಿ ರಾಜನ ನಿಲುವಂಗಿಯ ಅಂಚನ್ನೇ ತುಳಿದು, ಕತ್ತಿ ತಾಗುವ ಮೊದಲೇ ದೊಪ್ಪನೆ ಬಿದ್ದು ಸತ್ತ. ಜನ ನಕ್ಕರು. ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ರಾಜ ತನ್ನ ಉದ್ದ ಮಾತನ್ನು ಶುರುಮಾಡಿದಾಗ, ವರ್ಷಗಳ ಅಭ್ಯಾಸಬಲದಿಂದ, ಹೆಣದ ಬಾಯಿಯೂ ಜೊತೆಜೊತೆಗೆ ಅಲ್ಲಾಡತೊಡಗಿತು. ಮರಣದ ಬಗ್ಗೆ ರಾಜ ಹೇಳುವ ಒಂದೊಂದು ಮಾತನ್ನೂ ಸತ್ತ ಕರಡಿ ತಲೆದೂಗಿ ಒಪ್ಪಿಕೊಳ್ಳುತ್ತಿದ್ದ ಹಾಗೆ ಕಂಡಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಹಾರಾಜರು ಮಾತ್ರ ಅಳುಕದೆ ಮಾತು ಮುಗಿಸಿ ಚಪ್ಪಾಳೆ ಗಿಟ್ಟಿಸಿದರು.

ನಾಟಕ ಮುಗಿದು, ಮುಖ ತೊಳೆದು, ನಿಜ ಹೇಳಿಬಿಡುವುದೆಂದು ಗಟ್ಟಿಮನಸ್ಸು ಮಾಡಿ ಬದಲಿ ಹಿಂಬಾಗಿಲಿಗೆ ಬಂದ. ಅಕ್ಕ ಬೀದಿದೀಪದ ಕೆಳಗೆ ಕಾಯುತ್ತಿದ್ದಳು. ಅವನನ್ನು ಕಂಡದ್ದೇ ಓಡಿಬಂದು ಎರಡೂ ಕೈಯಲ್ಲಿ ಅವನ ಕೆನ್ನೆ ಹಿಡಿದಳು. ಅವಳ ಕಣ್ಣು ತುಂಬಿತ್ತು.

“ಎಷ್ಟು ಚೆನ್ನಾಗಿ ಮಾಡಿದ್ಯೋ. ಆ ಗಡ್ಡ, ಆ ಕಿರೀಟದಲ್ಲಿ ನೀನೇ ಅಂತ ಬೇರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ನಾನು ನಡಿಗೆ ನೋಡಿದ್ದೇ ಗುರುತು ಹಿಡಿದೆ. ನಾನೇ ಅಲ್ವಾ ನಿಂಗೆ ನಡೆಯೋಕೆ ಕಲಿಸಿದ್ದು.”

ಬದಲಿ ನಿಜ ಹೇಳುವುದನ್ನು ಬಿಟ್ಟು ಅವಳ ಕೈಚೀಲ ತೆಗೆದುಕೊಂಡ. ಇಷ್ಟು ಸಂತೋಷದ ಮುಖವನ್ನು ಅವನು ಕನಸಿನಲ್ಲಿ ಮಾತ್ರ ಕಂಡಿದ್ದ. ಇಬ್ಬರೂ ರೈಲು ನಿಲ್ದಾಣದ ಕಡೆಗೆ ನಿಧಾನವಾಗಿ ನಡೆದರು. ಅಕ್ಕ ಅವನ ತೋಳು ಹಿಡಿದು ರಾಜನ ಒಂದೊಂದೇ ಮಾತನ್ನು ನೆನಪಿಸಿಕೊಂಡು ಹೊಗಳಿದಳು. ಆಮೇಲೆ ಅವಳ ಮುಖ ಸಣ್ಣಗಾಯಿತು.

“ಆ ಕರಡಿ ಮಾತ್ರ ನಿನ್ನ ದೃಶ್ಯಾನೇ ಕೆಡಿಸ್ತಲ್ಲೋ. ಅಂಥವರನ್ನ ಯಾಕೆ ಸೇರಿಸ್ಕೋತಾರೆ? ಪಾಪ, ಅವನ ಮನೆಯವರು ಯಾರಾದ್ರೂ ನೋಡೋಕೆ ಬಂದಿದ್ರೋ ಏನೋ.”

“ಬಂದಿದ್ರು ಅಕ್ಕ,” ಎಂದ ಬದಲಿ. “ಅವರಿಗೂ ಇಷ್ಟ ಆಗಲಿಲ್ಲವಂತೆ.”