ಪೂಲ್ ಕೋಲಿಗೆ ನಾನು ತುಂಬಿದ ಭಾರ

ಕೈಯಲ್ಲಿ ಎತ್ತಿ ನೋಡಿ ತೂಕ ಹೇಳುವ ವಿದ್ಯೆ ನನಗೆ ದೇವರು ಕೊಟ್ಟದ್ದು. ಇದು ಜಂಬದ ಮಾತಲ್ಲ. ನಮ್ಮ ಕೆಲಗೇರಿ ಓಣಿಗೆ ಕಾಯಿಪಲ್ಲೆ ತರುವ ಗಾಡಿಯಾತ ತಕ್ಕಡಿ ಎತ್ತುವ ಮೊದಲು ನನ್ನ ಮುಖ ನೋಡುತ್ತಾನೆ. ಮದುವೆ ಮನೆಯಲ್ಲಿ ಉಂಡಿ ಕಟ್ಟಲು ಕೂತರೆ ನನ್ನ ಉಂಡಿಗಳೆಲ್ಲ ಅವಳಿ ಜವಳಿ ಮಕ್ಕಳಂತೆ ಇರುತ್ತವೆ. ಹೀಗಿರುವಾಗ ಒಂದು ಮುಂಜಾನೆ ನಮ್ಮ ಮನೆಯವರು ಪೂಜೆ ಮುಗಿಸಿ, ಉಪ್ಪಿಟ್ಟಿನ ತಾಟು ಮುಂದಿಟ್ಟುಕೊಂಡು, "ನನ್ನ ಕೋಲು ಭಾಳ ಹಗುರ ಐತಿ, ನೀಲಾ" ಎಂದು ನಿಟ್ಟುಸಿರು ಬಿಟ್ಟರೆ ನಾನು ಸುಮ್ಮನಿರುವುದು ಸಾಧ್ಯವೇ? ತೂಕದ ಇಲಾಖೆ ನನ್ನದು!

ಕೋಲು ಎಂದರೆ ಊರುಗೋಲಲ್ಲ. ದೇವರ ದಯೆ, ಅದರ ಹೊತ್ತು ಇನ್ನೂ ಬಂದಿಲ್ಲ. ಇದು ಪೂಲ್ ಆಟದ ಕೋಲು. ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜು, ಮೇಲೆ ಬಣ್ಣಬಣ್ಣದ ಗುಂಡುಗಳು. ಕೋಲಿನಿಂದ ಬಿಳಿ ಗುಂಡಿಗೆ ತಿವಿದು ಉಳಿದವನ್ನು ಮೇಜಿನ ತೂತುಗಳಿಗೆ ಬೀಳಿಸಬೇಕು. ಕಡೆಗೆ ಕರಿ ಗುಂಡು ಬೀಳಿಸಿದವನು ಗೆದ್ದ. ಆದರೆ ಕರಿ ಗುಂಡಿನ ಬೆನ್ನು ಹತ್ತಿ ಬಿಳಿ ಗುಂಡೂ ಬಿದ್ದರೆ ಅವನೇ ಸೋತ! ಮೊಣಕಾಲು ನೋವಿಗೆ ಡಾಕ್ಟರರು "ದಿನಾ ಅಡ್ಡಾಡ್ರಿ" ಎಂದಿದ್ದರು. ಇವರು ದಿನಾ ಸಂಜೆ ಹುಬ್ಬಳ್ಳಿಯ ತಮ್ಮ ಹತ್ತಿಕಾಳಿನ ಅಂಗಡಿ ಮುಚ್ಚಿದ ಮೇಲೆ ಅಲ್ಲಿಯ ಕ್ಲಬ್ಬಿಗೆ ಹೋಗಿ, ಆ ಮೇಜಿನ ಸುತ್ತ ಅಡ್ಡಾಡಿ ವೈದ್ಯರ ಆಜ್ಞೆಯನ್ನು ಶಿರಸಾವಹಿಸಿ ಪಾಲಿಸುತ್ತಿದ್ದಾರೆ. ಕುಡಿತವಿಲ್ಲ, ಇಸ್ಪೀಟಿಲ್ಲ. ನಾಲ್ಕು ಗುಂಡು ತಳ್ಳಿ ಊಟದ ಹೊತ್ತಿಗೆ ಮನೆಗೆ ಬರುತ್ತಾರೆ. ಇದಕ್ಕೂ ನಾನು ದಿನಾ ಒಂದು ನಮಸ್ಕಾರ ಹೆಚ್ಚಿಗೆ ಹಾಕುತ್ತೇನೆ.

ತೊಂದರೆ ಬಂದದ್ದು ಬೀಗರಿಂದ. ನಮ್ಮ ಮಗಳು ಸವಿತಾಳ ಮಾವ ಅವರು. ಹಳೇ ಹುಬ್ಬಳ್ಳಿಯಲ್ಲಿ ಕಾಳಿನ ವ್ಯಾಪಾರ, ಅದೇ ಕ್ಲಬ್ಬಿನಲ್ಲಿ ಅದೇ ಆಟ. ನಮ್ಮವರಿಗೆ ಅರವತ್ತು ತುಂಬಿದಾಗ ಆ ಕೋಲನ್ನು ಉಡುಗೊರೆ ಕೊಟ್ಟವರೇ ಅವರು. ಕೊಟ್ಟಂದಿನಿಂದ ಇಂದಿನವರೆಗೆ ಅವರನ್ನು ನಮ್ಮವರು ಒಂದು ಸಲವೂ ಸೋಲಿಸಿಲ್ಲ! ಪ್ರತಿ ಐತವಾರ ಆಟ ಮುಗಿದ ಮೇಲೆ ಬೀಗರು ಎಲ್ಲರೆದುರಿಗೆ ಕೇಳುತ್ತಾರಂತೆ, "ಬೀಗರ, ಕೋಲು ನಮ್ಮದು, ಕೈ ನಿಮ್ಮದು. ತಪ್ಪು ಯಾರದು ಅಂತ ನೀವ ಹೇಳ್ರಿ!" ಹೆಣ್ಣು ಕೊಟ್ಟವರು ಏನು ಹೇಳಿಯಾರು? ಮನೆಗೆ ಬಂದು ಮೊಸರನ್ನದ ಮುಂದೆ ಮೌನವ್ರತ.

"ಒಮ್ಮೆರ ಗೆಲ್ಲಬೇಕು ನೀಲಾ. ಒಂದ ಒಂದು ಸಲ" ಎಂದರು ಅಂದು.

"ಕೋಲು ಹಗುರ ಆದ್ರ ಭಾರ ಮಾಡಿದ್ರಾತರಿ. ಅದಕ್ಯಾಕ ಇಷ್ಟು ಚಿಂತಿ?"

"ಹಂಗಲ್ಲ. ಕೋಲಿನ ಹಿಂದಿನ ತುದಿಯೊಳಗ ಒಂದು ಕಬ್ಬಿಣದ ಬೋಲ್ಟ್ ಇರತೈತಿ. ಅದನ್ನ ತಗದು ದೊಡ್ಡದು ಹಾಕಿದ್ರ ಭಾರ ಆಗತೈತಿ. ತರಸಾಕ ಹೇಳೀನಿ. ಆದ್ರ ಅದು ಬರೂದು ಈ ಐತವಾರ ಮುಗದ ಮ್ಯಾಲ."

ನಾನು ಬಾಯಿ ತೆರೆಯುವ ಮೊದಲೇ, "ನೀ ಅದರ ಹತ್ರ ಹೋಗಬ್ಯಾಡ ಮತ್ತ!" ಎಂದು ಹೇಳಿ, ಕೋಲನ್ನು ಮನೆಯಲ್ಲೇ ಬಿಟ್ಟು ಅಂಗಡಿಗೆ ಹೋದರು.

ಗಂಡನ ಮಾತು ಮೀರುವವಳಲ್ಲ ನಾನು. ಹತ್ತಿರ ಹೋಗಲೇ ಇಲ್ಲ. ಕೋಲನ್ನೇ ಹತ್ತಿರ ತಂದುಕೊಂಡೆ.

ಕೋಲಿನ ಹಿಂದಿನ ತುದಿಗೆ ಕರಿ ರಬ್ಬರಿನ ಬೂಚು. ಎಳೆದೆ. ಬರಲಿಲ್ಲ. ಇಕ್ಕಳ ಹಾಕಿ ಎಳೆದೆ. ಇಕ್ಕಳ ಬಂತು, ಬೂಚು ಬರಲಿಲ್ಲ. ಸುತ್ತ ಶೇಂಗಾ ಎಣ್ಣೆ ಬಿಟ್ಟು ಕಾದೆ. ಅಷ್ಟರಲ್ಲಿ ನೆರೆಮನೆಯ ಗಂಗಕ್ಕ ಹಪ್ಪಳದ ಬುಟ್ಟಿ ಹಿಡಿದುಕೊಂಡು ಬಂದಳು. ನಮ್ಮ ಮಾಳಿಗೆಗೆ ಬಿಸಿಲು ಚೆನ್ನಾಗಿ ಬರುತ್ತದೆಂದು ಅವಳ ಹಪ್ಪಳವೆಲ್ಲ ಒಣಗುವುದು ನಮ್ಮಲ್ಲೇ.

"ಯವ್ವಾ ನೀಲಕ್ಕ, ಇದೇನ? ಯಾರಿಗೆ ಹೊಡಿಯಾಕ ಎಣ್ಣಿ ಹಚ್ಚಾಕತ್ತಿ?"

"ಯಾರಿಗೂ ಇಲ್ಲ. ಆ ಕಡಿ ಹಿಡಕೊ. ಗಟ್ಟಿ ಹಿಡಿ, ಬಿಡಬ್ಯಾಡ."

ಗಂಗಕ್ಕ ಬುಟ್ಟಿ ಕೆಳಗಿಟ್ಟು ಕೋಲಿನ ತೆಳ್ಳನೆ ತುದಿ ಹಿಡಿದಳು. ನಾನು ಅರಿವೆ ಸುತ್ತಿ ಬೂಚು ಹಿಡಿದೆ. ಪಡಸಾಲೆಯಲ್ಲಿ ಇಬ್ಬರೂ ಕಾಲು ಊರಿ, ಸೆರಗು ಸಿಕ್ಕಿಸಿ, ಹಲ್ಲು ಕಚ್ಚಿ ಎಳೆದೆವು. ಅವಳು ಬಾಗಿಲ ತನಕ ನನ್ನನ್ನು ಎಳೆದೊಯ್ದಳು. ನಾನು ಅವಳನ್ನು ಅಡಿಗೆಮನೆ ತನಕ ತಂದೆ. "ಶಿವಾ!" ಎಂದು ಕಡೆಯ ಬಾರಿ ಜಗ್ಗಿದಾಗ ಬೂಚು ಪಟ್ ಎಂದು ಹೊರಬಿತ್ತು. ನಾನು ಗೋಡೆಗೆ ಹೋಗಿ ಆತುಕೊಂಡೆ. ಗಂಗಕ್ಕ ಕೂತೇಬಿಟ್ಟಳು. ನೆಲದ ಮೇಲಲ್ಲ, ಹಪ್ಪಳದ ಬುಟ್ಟಿಯಲ್ಲಿ!

"ನನ್ನ ಹಪ್ಪಳಾ!" ಎಂದಳು ಎದ್ದೇಳದೆ.

"ಇರಲಿ ಬಿಡ, ಹೆಂಗೂ ಎಣ್ಣ್ಯಾಗ ಕರಿಯೂವಾಗ ಮುರೀಬೇಕಲ್ಲ" ಎಂದೆ. ಅವಳು ಕೆಂಗಣ್ಣಿನಿಂದ ನೋಡಿದಳು. ಆದರೂ ಬಿಟ್ಟು ಹೋಗಲಿಲ್ಲ. ಅಂಥ ನೆರೆಯವರು ಸಿಗುವುದೂ ಪುಣ್ಯವೇ.

ತೂತಿನೊಳಗೆ ಬೋಲ್ಟಿನ ತಲೆ ಕಂಡಿತು. ಮಂಚ ಜೋಡಿಸುವಾಗ ಉಳಿದಿದ್ದ ಆರು ಮೂಲೆಯ ಕೀಲಿ ಅದಕ್ಕೆ ಹೇಳಿ ಮಾಡಿಸಿದಂತೆ ಕೂತಿತು. ತಿರುವಿದೆ. ಹೆಬ್ಬೆರಳಿನ ಗಾತ್ರದ ಕಬ್ಬಿಣದ ತುಂಡು ಕೈಗೆ ಬಂತು. ಈಗ ಆ ಟೊಳ್ಳಿನೊಳಗೆ ಭಾರದ ವಸ್ತು ತುಂಬಿ, ಮೇಲೆ ಬೋಲ್ಟು ತಿರುವಿದರೆ ಕೆಲಸ ಮುಗಿದಂತೆ. ಆದರೆ ಏನು ತುಂಬುವುದು?

"ಉಸುಕು?" ಎಂದಳು ಗಂಗಕ್ಕ.

"ಮನಿ ಕಟ್ಟಾಕತ್ತೇವೇನ?"

"ಸಾಸಿವಿ?"

"ವಗ್ಗರಣಿ ಕೊಡಾಕ?"

"ಹಂಗಾರ ನಿನ್ನ ತಲಿ ತುಂಬು!" ಎಂದು ಅವಳು ಹಪ್ಪಳದ ಚೂರು ಆರಿಸತೊಡಗಿದಳು.

ಆಗ ನನ್ನ ಕಣ್ಣು ದೇವರ ಜಗಲಿಯ ಮೇಲೆ ಬಿತ್ತು. ಮಠದ ಅಜ್ಜಾರು ತಮ್ಮ ಕೈಯಾರೆ ಕೊಟ್ಟ ವಿಭೂತಿ ಗಟ್ಟಿಗಳು! ಭಾರಕ್ಕೆ ಭಾರ, ಆಶೀರ್ವಾದಕ್ಕೆ ಆಶೀರ್ವಾದ. ಇಷ್ಟು ದಿನ ಯಾರಿಗೂ ಹೊಳೆಯದ ಈ ಯೋಜನೆ ನನಗೇ ಹೊಳೆಯಬೇಕೆಂದರೆ ಅದರ ಹಿಂದೆ ಮೇಲಿನವನ ಕೈ ಇರಲೇಬೇಕು ಎಂದು ತೀರ್ಮಾನಿಸಿದೆ. ಈಗ ಯೋಚಿಸಿದರೆ ಅವನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಗಟ್ಟಿಗಳನ್ನು ಕುಟ್ಟಾಣಿಯಲ್ಲಿ ಕುಟ್ಟಿ ನುಣ್ಣಗೆ ಮಾಡಿದೆ. ಚಮಚೆ ಚಮಚೆಗೂ "ಓಂ ನಮಃ ಶಿವಾಯ" ಎನ್ನುತ್ತ ತುಂಬಿದೆ. ಭಕ್ತಿ ಹೆಚ್ಚಾಯಿತೋ ಏನೋ, ಟೊಳ್ಳು ಕಂಠಮಟ್ಟ ತುಂಬಿಬಿಟ್ಟಿತು. ಬೋಲ್ಟಿಗೆ ಜಾಗವೇ ಉಳಿಯಲಿಲ್ಲ!

"ಇದನ್ನೇನ ಮಾಡ್ತಿ?" ಎಂದು ಗಂಗಕ್ಕ ಬೋಲ್ಟು ತೋರಿಸಿದಳು.

"ದೇವರು ಬಂದ ಜಾಗಾದಾಗ ಕಬ್ಬಿಣದ್ದೇನ ಕೆಲಸ?" ಎಂದು ಅದನ್ನು ಸೇಫ್ಟಿ ಪಿನ್ನಿನ ಡಬ್ಬಿಗೆ ಹಾಕಿದೆ. ಬೂಚು ಒತ್ತಿದೆ. ಎಣ್ಣೆ ಕುಡಿದು ಮೆತ್ತಗಾಗಿದ್ದ ಅದು ಬೆಣ್ಣೆಯಂತೆ ಒಳಗೆ ಹೋಯಿತು. ಇಷ್ಟು ಸುಲಭವಾಗಿ ಒಳಗೆ ಹೋದದ್ದು ಅಷ್ಟೇ ಸುಲಭವಾಗಿ ಹೊರಗೂ ಬಂದೀತು ಎಂಬ ಸಣ್ಣ ವಿಚಾರ ಆಗ ಬರಲಿಲ್ಲ.

ಮಗಳು ತಂದುಕೊಟ್ಟ ಕರೆಂಟಿನ ತಕ್ಕಡಿ ಅಡಿಗೆಮನೆಯಲ್ಲಿತ್ತು. ಕೈ ಇರುವಾಗ ಯಂತ್ರ ಯಾಕೆ? ಕೋಲು ಎತ್ತಿ ನೋಡಿದೆ. ಭಾರ! ಗಂಗಕ್ಕನೂ ಎತ್ತಿದಳು. "ಅಯ್ಯ ಶಿವನ, ಒನಕಿ ಆಗೇತಲ್ಲ!" ಎಂದಳು. ಇಬ್ಬರಿಗೂ ಪರಮ ಸಂತೋಷ.

ರಾತ್ರಿ ಊಟಕ್ಕೆ ಮೊದಲು ಇವರ ಕೈಗೆ ಕೋಲು ಕೊಟ್ಟೆ. "ಭಾರ ಮಾಡಿಸೇನಿ. ಹಿಡದು ನೋಡ್ರಿ."

ಮೊದಲು ಗಾಬರಿಯಾದರು. ಆಮೇಲೆ ಎತ್ತಿದರು, ಕಣ್ಣು ಮುಚ್ಚಿದರು, ತಲೆದೂಗಿದರು. "ಖರೇನ ಭಾರ ಆಗೇತಿ! ಅಲ್ಲ, ಬೋಲ್ಟ್ ಎಲ್ಲಿ ಸಿಕ್ತು?"

"ಸಿಕ್ತುರಿ" ಎಂದೆ. ಸುಳ್ಳು ಹೇಳುವವಳಲ್ಲ ನಾನು. ಬೋಲ್ಟು ಸಿಕ್ಕಿದ್ದು ನಿಜವೇ. ಒಳಗೇ ಸಿಕ್ಕಿತ್ತು!

ಐತವಾರ ಕ್ಲಬ್ಬಿಗೆ ನಾನೂ ಹೋದೆ. ನನ್ನ ಕೈಚಳಕದ ವಿಜಯೋತ್ಸವಕ್ಕೆ ನಾನೇ ಇಲ್ಲದಿದ್ದರೆ ಹೇಗೆ? ಬೀಗಿತ್ತಿಯೂ ಬಂದಿದ್ದರು. ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂತು ಇಬ್ಬರೂ ಅವಲಕ್ಕಿ ಚೂಡಾ ತಿನ್ನುತ್ತ ನೋಡಿದೆವು. ಬೀಗರು ಹೊಸದಾಗಿ ಹೊಲಿಸಿದ ಕಡುನೀಲಿ ಕೋಟು ಹಾಕಿಕೊಂಡು ಮದುಮಗನಂತೆ ಹೊಳೆಯುತ್ತಿದ್ದರು. ನಮ್ಮವರು ಹೊಡೆಯುವಾಗ ಸರಿಯಾಗಿ ಅವರ ಬೆನ್ನ ಹಿಂದೆ ಕೈಕಟ್ಟಿ ನಿಲ್ಲುವುದು ಬೀಗರ ಚಟ. ಉಸಿರು ತಾಗಿಸಿಯೇ ಅರ್ಧ ಆಟ ಗೆಲ್ಲುತ್ತಾರೆಂದು ಇವರು ಹಲವು ಸಲ ಗೊಣಗಿದ್ದುಂಟು.

ಆದರೆ ಅಂದು ಏನಾಯಿತೋ! ನಮ್ಮವರ ತೋಳು ಗಾಳಿಯಂತೆ ಓಡಾಡಿತು. ಒಂದು ಗುಂಡು ಬಿತ್ತು, ಹಿಂದೆಯೇ ಇನ್ನೊಂದು. ಬೀಗರ ನಗು ಸಣ್ಣದಾಗುತ್ತ ಬಂತು.

"ಏನರೀ ಅಕ್ಕಾರ, ಇವತ್ತ ಅಣ್ಣಾರು ಹಿಂಗ ಆಡಾಕತ್ತಾರ?" ಎಂದರು ಬೀಗಿತ್ತಿ.

"ಎಲ್ಲಾ ಮ್ಯಾಲಿನವನ ಆಶೀರ್ವಾದರಿ" ಎಂದೆ. ಆಶೀರ್ವಾದ ಎಲ್ಲಿದೆ ಎಂದು ಹೇಳಲಿಲ್ಲ ಅಷ್ಟೇ.

ಕಡೆಗೆ ನಮ್ಮವರ ಪಾಲಿಗೆ ಕರಿ ಗುಂಡೊಂದೇ ಉಳಿಯಿತು. ಅದು ಬಿದ್ದರೆ ಗೆಲುವು! ಇವರು ಕೋಲಿಗೆ ಸುಣ್ಣದ ತುಂಡು ತಿಕ್ಕಿ, ಬಾಗಿ, ಗುರಿ ಹಿಡಿದರು. ನಾನು ಕಣ್ಣು ಮುಚ್ಚಿ ಮಂತ್ರ ಶುರುಮಾಡಿದೆ. ಇವರು ಅದುವರೆಗೆ ಹೊಡೆದದ್ದೆಲ್ಲ ಮೆಲ್ಲಗೆ. ಇದೊಂದನ್ನು ಮಾತ್ರ ವರ್ಷಗಳ ಸಿಟ್ಟನ್ನೆಲ್ಲ ಕೂಡಿಸಿ ಹೊಡೆದರು.

ಫಟ್!

ಕಣ್ಣು ಬಿಟ್ಟರೆ ಬೀಗರು ಕಾಣಲಿಲ್ಲ. ಅವರು ನಿಂತ ಜಾಗದಲ್ಲಿ ಒಂದು ಬಿಳಿ ಮೋಡ ನಿಂತಿತ್ತು! ಕೋಲು ಮುಂದಕ್ಕೆ ನುಗ್ಗಿತ್ತು, ಬೂಚು ಹಿಂದಕ್ಕೆ ಹಾರಿತ್ತು, ಅಜ್ಜಾರ ವಿಭೂತಿ ಅಷ್ಟೂ ಬೀಗರ ಮೇಲೆ ಅಭಿಷೇಕವಾಗಿತ್ತು. ಮೋಡ ಇಳಿದಾಗ ಕಂಡದ್ದು ಸಾಕ್ಷಾತ್ ಕೈಲಾಸ. ಹಣೆ, ಮೀಸೆ, ಹೊಸ ಕೋಟು, ಎಲ್ಲಾ ಬೆಳ್ಳಗೆ. ನಡುವೆ ಎರಡು ಕಣ್ಣು ಮಾತ್ರ ಪಿಳಿಪಿಳಿ. ಮೂರನೆಯದು ತೆರೆಯಲಿಲ್ಲ, ಅದೇ ನನ್ನ ಪುಣ್ಯ!

"ಬೆಂಕಿ ಹತ್ತಿತೇನ್ರೀ?" ಎಂದು ಕ್ಲಬ್ಬಿನ ಮ್ಯಾನೇಜರು ನೀರಿನ ಜಗ್ಗು ಹಿಡಿದು ಓಡಿಬಂದರು. ಪುಣ್ಯಕ್ಕೆ ಸುರಿಯಲಿಲ್ಲ. ಹಸಿರು ಬಟ್ಟೆಗೆ ಒಂದು ಕಣವೂ ತಾಗಿರಲಿಲ್ಲ, ಅದೂ ದೇವರ ದಯೆ. ಆಮೇಲೆ ಎಲ್ಲರೂ ಮೇಜಿನ ಕಡೆ ನೋಡಿದೆವು. ಕರಿ ಗುಂಡು ಇರಲಿಲ್ಲ. ಬಿದ್ದಿತ್ತು!

ಬಿಳಿ ಗುಂಡೂ ಇರಲಿಲ್ಲ.

ನಮ್ಮವರು ಸೋತಿದ್ದರು. ಸೋತ ಮುಖವನ್ನು ನಿಧಾನವಾಗಿ ನನ್ನ ಕಡೆ ತಿರುಗಿಸಿದರು. ಬೀಗರು ಕೆನ್ನೆಯ ಮೇಲಿನ ಪುಡಿ ಬೆರಳಿಗೆ ಹಚ್ಚಿ ಮೂಸಿ ನೋಡಿದರು. "ವಿಭೂತಿ!" ಎಂದರು. ಹಣೆಯ ಮೇಲಿದ್ದದ್ದನ್ನೇ ಮೂರು ಬೆರಳಿನಿಂದ ಪಟ್ಟೆ ಎಳೆದುಕೊಂಡರು. ಸಂಸ್ಕಾರವಂತರು. ಆಮೇಲೆ ಕೋಲನ್ನು ಎತ್ತಿ, ಟೊಳ್ಳಿನೊಳಗೆ ಒಂದು ಕಣ್ಣಿಟ್ಟು ನೋಡಿದರು.

"ಅಕ್ಕಾರ, ಇದರೊಳಗಿನ ಬೋಲ್ಟ್ ಎಲ್ಲೈತ್ರಿ?"

ಇದು ನನ್ನ ಕೆಲಸವೆಂದು ಯಾರೂ ಹೇಳಿರಲಿಲ್ಲ. ಆದರೂ ನನ್ನನ್ನೇ ಕೇಳಿದರು. ನನ್ನ ಮುಖ ಅಷ್ಟು ಪ್ರಾಮಾಣಿಕ.

"ಮನ್ಯಾಗ ಐತ್ರಿ. ಪಿನ್ನಿನ ಡಬ್ಬ್ಯಾಗ."

"ಅಂದ್ರ ಕೋಲು ಭಾರ ಮಾಡಾಕ ಕಬ್ಬಿಣ ತಗದು ಬೂದಿ ತುಂಬೀರಿ?"

"ವಿಭೂತಿರಿ" ಎಂದು ತಿದ್ದಿದೆ.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಕೋಲು ಭಾರವಾಗಿರಲೇ ಇಲ್ಲ! ಮೊದಲಿಗಿಂತ ಹಗುರವಾಗಿತ್ತು. ಎಳೆದಾಡಿ ದಣಿದ ಕೈಗೆ ಕಡ್ಡಿಯೂ ಕಂಬ. ನಮ್ಮಿಬ್ಬರ ಕೈ ಸೋತಿದ್ದವು, ಅಷ್ಟೇ. ಮತ್ತೆ ಇವರು? ದಿನವಿಡೀ ಹತ್ತಿಕಾಳಿನ ಚೀಲ ಎತ್ತಿಸುವವರು, ಕಣ್ಣು ಮುಚ್ಚಿ ತಲೆದೂಗಿ "ಖರೇನ ಭಾರ" ಎಂದವರು? ನಾನು ಅವರನ್ನು ನೋಡಿದೆ. ಅವರು ಛತ್ತು ನೋಡುತ್ತಿದ್ದರು.

ಬೀಗರು ಗೊಳ್ಳೆಂದು ನಕ್ಕರು. ಮೀಸೆಯಿಂದ ಮತ್ತಷ್ಟು ವಿಭೂತಿ ಉದುರಿತು. "ಬೀಗರ, ವಿಭೂತಿ ಹಚ್ಚಿಸಿಕೊಂಡ ಮ್ಯಾಲ ಸಿಟ್ಟಾಗಾಕ ಬರೂದಿಲ್ಲ. ಈ ಆಟ ಲೆಕ್ಕಕ್ಕಿಲ್ಲ. ಬರ್ರಿ, ಇನ್ನೊಂದು ಆಡೂಣು. ಕೋಲು ಹಂಗ ಖಾಲಿ ಇರಲಿ. ನಾ ಮಾತ್ರ ನಿಮ್ಮ ಹಿಂದ ನಿಂದರೂದಿಲ್ಲ!"

ಮ್ಯಾನೇಜರು ಕೊಟ್ಟ ಕಸಬರಿಗೆಯಿಂದ ನೆಲ ಬಳಿದವಳು ನಾನೇ. ಬಳಿಯುತ್ತಿರುವಾಗಲೇ ಆಟ ಶುರುವಾಯಿತು. ಕೋಲಿನಲ್ಲಿ ಬೋಲ್ಟೂ ಇಲ್ಲ, ವಿಭೂತಿಯೂ ಇಲ್ಲ, ಹಿಂದೆ ಉಸಿರು ಬಿಡುವ ಬೀಗರೂ ಇಲ್ಲ. ಇವರ ಭುಜಕ್ಕೆ ಬೇಕಾಗಿದ್ದದ್ದು ಹಗುರ ಕೋಲು. ಇಷ್ಟು ದಿನ ಭಾರ ಬೇಕೆಂದು ಹಟ ಹಿಡಿದಿದ್ದರು, ಪಾಪ! ಆಟ ಕಡೆಯ ತನಕ ಸರಿಸಮ ಬಂತು. ಕರಿ ಗುಂಡಿಗೆ ಇವರು ಈ ಸಲ ಸಿಟ್ಟಿಲ್ಲದೆ, ಮಗುವಿನ ಬೆನ್ನು ತಟ್ಟಿದಂತೆ ತಟ್ಟಿದರು. ಅದು ಮೆಲ್ಲಗೆ ಉರುಳಿ, ತೂತಿನ ಅಂಚಿನಲ್ಲಿ ನಿಂತು ಯೋಚಿಸಿ, ಬಿದ್ದಿತು. ಬಿಳಿ ಗುಂಡು ಮೇಜಿನ ನಡುವೆ ನಿಂತೇ ಇತ್ತು.

ಗೆದ್ದರು! ಬೀಗರೇ ಬಂದು ತಬ್ಬಿಕೊಂಡರು. ಈಗ ಇಬ್ಬರೂ ಬೆಳ್ಳಗಾದರು.

ಕಾರಿನಲ್ಲಿ ಮನೆಗೆ ಬರುವಾಗ ಹೊಗಳಿಕೆಗಾಗಿ ದಾರಿಯಲ್ಲಿ ಬರುವ ನವಲೂರು ದಾಟುವ ತನಕ ಕಾದೆ. ಬರಲಿಲ್ಲ. ನಾನೇ ಶುರುಮಾಡಿದೆ. "ಕೈ ನಿಮ್ಮದ ಖರೆ. ಆದ್ರ ಕೋಲಿನ ತೂಕ..."

"ಭಾರ ಮಾಡತೀನಿ ಅಂತ ಹಗುರ ಮಾಡಿದಿ" ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ. "ನಾಳೆ ನೆಟ್ಟಗ ಮಾಡತೀನಿ ಅಂತ ಮುರದು ಕೊಟ್ಟರ ನಾ ಏನ ಮಾಡ್ಲಿ?" ಎಂದು ನಕ್ಕರು. ಆ ರಾತ್ರಿ ಮೊಸರನ್ನವನ್ನು ಮಾತಾಡುತ್ತ ಮಾತಾಡುತ್ತ ಎರಡು ಸಲ ಹಾಕಿಸಿಕೊಂಡರು. ಮನೆಗೆ ಇನ್ನೇನು ಬೇಕು?

ಮರುದಿನ ಹುಬ್ಬಳ್ಳಿಯಿಂದ ಕೋಲಿಗೆಂದೇ ಒಂದು ಉದ್ದನೆ ಪೆಟ್ಟಿಗೆ ತಂದರು. ಕೀಲಿ ಹಾಕುವ ಪೆಟ್ಟಿಗೆ! ಅದರ ಕೀಲಿ ಈಗ ಇವರ ಕೊರಳಲ್ಲಿ ಲಿಂಗದ ಕರಡಿಗೆಯ ಪಕ್ಕದಲ್ಲೇ ತೂಗಾಡುತ್ತದೆ. ಪೂಜೆ ಮುಗಿಸಿ, ಕರಡಿಗೆ ಕಣ್ಣಿಗೊತ್ತಿಕೊಂಡ ಮೇಲೆ ಆ ಕೀಲಿಯನ್ನೂ ಒಮ್ಮೆ ಮುಟ್ಟಿ, ನನ್ನ ಕಡೆ ಓರೆಗಣ್ಣಿನಿಂದ ನೋಡುತ್ತಾರೆ. ಕಾಪಾಡು ಎಂದು ಇವರು ದೇವರಲ್ಲಿ ಬೇಡಿಕೊಳ್ಳುತ್ತಿರುವುದು ಯಾರಿಂದ ಎಂಬುದು ನನಗೆ ಗೊತ್ತು.

ಇರಲಿ. ಮದುವೆಯಾಗಿ ಇಷ್ಟು ವರ್ಷಕ್ಕೆ, ದಿನಾ ಶಿವನ ಮುಂದೆ ಕೂತಾಗ ಇವರಿಗೆ ನನ್ನ ನೆನಪು ತಪ್ಪದೆ ಬರುತ್ತಿದೆಯಲ್ಲ!